ಹಿಮದಲ್ಲಿ ಜಾರುವ ಆಸೆಯೇ? ಹೊರಡುವ ಮುನ್ನ ಸ್ವಲ್ಪ ಕೇಳಿ!

“ಸ್ಕೀಯಿಂಗಾ? ಅದೆಲ್ಲ ಸಿನಿಮಾದವರಿಗೆ, ಫಾರಿನ್‌ನವರಿಗೆ ಕಣ್ರೀ, ನಮಗ್ಯಾಕೆ?”

ಹೀಗೆಂದು ಮೂಗು ಮುರಿಯುವವರಲ್ಲಿ 2023ರವರೆಗೂ ನಾನೇ ಮೊದಲನೆಯವಳು. ನಮ್ಮದು ತಿಪಟೂರಿನ ಕಡೆಯ ತೆಂಗಿನ ಸೀಮೆ. ಚಳಿ ಎಂದರೆ ನಮಗೆ ಧನುರ್ಮಾಸದ ಬೆಳಗಿನ ಜಾವದ ಚಳಿ. ಒಂದು ಶಾಲು ಹೊದ್ದು ಬಿಸಿ ಹುಗ್ಗಿ ತಿಂದರೆ ಅದೂ ಮುಗಿಯಿತು. ಮಂಜುಗಡ್ಡೆ ಎಂದರೆ ಫ್ರಿಜ್ಜಿನೊಳಗಿನದು. ಅಂಥ ನಾನು ನಲವತ್ತಾರು ತುಂಬಿದ ಮೇಲೆ ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಕಾಶ್ಮೀರದ ಇಳಿಜಾರಿನಲ್ಲಿ ನಿಂತಿದ್ದೆ ಎಂದರೆ ನಮ್ಮ ಮಹಿಳಾ ಸಮಾಜದ ಗೆಳತಿಯರು ಇನ್ನೂ ನಂಬುವುದಿಲ್ಲ. ಫೋಟೋ ತೋರಿಸಿದರೆ “ಇದು ನೀವಲ್ಲ ಬಿಡಿ, ಕಪ್ಪು ಕನ್ನಡಕ ಹಾಕ್ಕೊಂಡಿರೋ ಯಾರೋ” ಎನ್ನುತ್ತಾರೆ!

ಬಡಾಯಿ ಕೊಚ್ಚಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಾವು ಗುಲ್ಮಾರ್ಗ್‌ಗೆ ಎರಡು ಸಲ ಹೋದೆವು. ಮೊದಲ ಸಲ ಅಲ್ಲಿ ಹಿಮವೇ ಇರಲಿಲ್ಲ. ಎರಡನೆಯ ಸಲ ಇತ್ತು, ಆದರೆ ದಿನಕ್ಕೊಂದು ಥರ, ಹೊತ್ತಿಗೊಂದು ಥರ. ದುಡ್ಡು ಕಳೆದುಕೊಂಡು, ಮಂಡಿ ನೋಯಿಸಿಕೊಂಡು, ಮನೆಯಲ್ಲಿ ಮುನಿಸು ಕಟ್ಟಿಕೊಂಡು ಕಲಿತ ನಾಲ್ಕು ವಿಷಯ ನಿಮಗಾದರೂ ಉಪಯೋಗಕ್ಕೆ ಬರಲಿ ಎಂದು ಕೂತಿದ್ದೇನೆ.

ಸಂಕ್ರಾಂತಿ ರಜೆಯ ಲೆಕ್ಕಾಚಾರ

ಇದೆಲ್ಲ ಶುರುವಾದದ್ದು ಮಗಳಿಂದ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಇಡೀ ಭಾರತದಿಂದ ಹೋದವರು ಒಬ್ಬರೇ, ಗುಲ್ಮಾರ್ಗ್ ಕಡೆಯ ಆರಿಫ್ ಖಾನ್. ಅವರು ಹಿಮದ ಮೇಲೆ ಹಾವಿನಂತೆ ಹರಿದು ಇಳಿಯುವುದನ್ನು ನೋಡಿದ ದಿನದಿಂದ ಅವಳಿಗೆ ಅದೇ ಜಪ. ನಮ್ಮವರು ಬ್ಯಾಂಕಿನ ನೌಕರರು. ಎಲ್‌ಎಫ್‌ಸಿ ಬಾಕಿ ಇತ್ತು. ಊಟಿ, ಕನ್ಯಾಕುಮಾರಿ ನೋಡಿಯಾಗಿತ್ತು. “ಆಯ್ತು, ಈ ಸಲ ಕಾಶ್ಮೀರವೇ ಆಗ್ಲಿ” ಎಂದರು.

ಯಾವಾಗ ಹೋಗುವುದು? ಇಲ್ಲೇ ನಾವು ಎಡವಿದ್ದು. ನಮ್ಮಂಥ ಗೃಹಿಣಿಯರು ಪ್ರವಾಸದ ದಿನ ಗೊತ್ತು ಮಾಡುವುದು ಹೇಗೆ ಹೇಳಿ? ಮಕ್ಕಳ ರಜೆ, ಗಂಡಂದಿರ ರಜೆ, ಹಬ್ಬ, ಅತ್ತೆಯವರ ಔಷಧಿಯ ಲೆಕ್ಕ. ಇವೆಲ್ಲ ಕೂಡಿ ಬಂದದ್ದು 2024ರ ಸಂಕ್ರಾಂತಿಯ ಮಗ್ಗುಲಿಗೆ. ಟ್ರಾವೆಲ್ಸ್‌ನವನು ಬೇರೆ, “ಜನವರಿ ಅಂದ್ರೆ ಪೀಕ್ ಸೀಸನ್ ಮೇಡಂ, ಮೊಣಕಾಲುದ್ದ ಹಿಮ ಗ್ಯಾರಂಟಿ” ಎಂದ. ಮಳೆಗೆ ಯಾರಾದರೂ ಗ್ಯಾರಂಟಿ ಕೊಡುತ್ತಾರೆಯೇ ಎಂದು ನನಗಾಗ ಹೊಳೆಯಲಿಲ್ಲ.

ಕಾಶ್ಮೀರದವರಿಗೆ ಚಳಿಗಾಲದ ತಮ್ಮದೇ ಪಂಚಾಂಗವಿದೆ. ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲೈ ಕಲಾನ್’, ಅಂದರೆ ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ‘ಚಿಲ್ಲೈ ಖುರ್ದ್’, ಹತ್ತು ದಿನ ‘ಚಿಲ್ಲೈ ಬಚ್ಚಾ’. ನಮ್ಮ ಮಳೆ ನಕ್ಷತ್ರಗಳಿದ್ದ ಹಾಗೆ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಬೇಗ ಕರಗದೆ ಬೇಸಿಗೆಯವರೆಗೂ ನಿಲ್ಲುತ್ತದೆ ಎಂದು ಅವರು ಅದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ನಮ್ಮ ಮೃಗಶಿರಾ, ಆರಿದ್ರಾ ಕೈಕೊಡುವುದಿಲ್ಲವೇ? ಆ ವರ್ಷ ಅವರ ಚಿಲ್ಲೈ ಕಲಾನ್ ಹಾಗೆಯೇ ಕೈಕೊಟ್ಟಿತು. ಭೂಮಧ್ಯ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ ‘ಪಶ್ಚಿಮದ ಮಾರುತ’ಗಳಿಂದಲೇ ಅಲ್ಲಿ ಚಳಿಗಾಲದ ಹಿಮ ಬೀಳುವುದು. ಅವು ಬರಲಿಲ್ಲವೋ, ಹಿಮವಿಲ್ಲ.

ನಾವು ಟಂಗ್‌ಮಾರ್ಗ್ ದಾಟಿ ಹದಿಮೂರು ಕಿಲೋಮೀಟರ್ ಮೇಲೇರಿ ಗುಲ್ಮಾರ್ಗ್‌ನಲ್ಲಿ ಇಳಿದಾಗ ಕಂಡದ್ದು ಕಂದುಬಣ್ಣದ ಒಣಹುಲ್ಲಿನ ಬಯಲು! ನಮ್ಮೂರಿನ ಕೆರೆ ಬೇಸಿಗೆಯಲ್ಲಿ ಬತ್ತಿದಾಗ ಹೇಗಿರುತ್ತದೋ ಹಾಗೆ. ‘ಆಪ್ ಕೀ ಕಸಮ್’ ಚಿತ್ರದ ಹಾಡಿನಲ್ಲಿ ಬರುವ ಗುಡ್ಡದ ಮೇಲಿನ ಶಿವನ ಗುಡಿಯೊಂದು ಮಾತ್ರ ಕಣ್ಣಿಗೆ ತಂಪೆನಿಸಿತು. (ಅದೇ ಜೂನ್‌ನಲ್ಲಿ ಆ ಗುಡಿ ಬೆಂಕಿಗೆ ತುತ್ತಾದದ್ದನ್ನು ಪೇಪರಿನಲ್ಲಿ ಓದಿ ಮನಸ್ಸಿಗೆ ಕಷ್ಟವಾಯಿತು.) ಮಗಳ ಮುಖ ನೋಡಲಾಗಲಿಲ್ಲ. ನಮ್ಮವರು ಟ್ರಾವೆಲ್ಸ್‌ನವನಿಗೆ ಫೋನ್ ಮಾಡಲು ಹೋದರೆ ಫೋನೂ ಇಲ್ಲ. ಹೊರಗಿನ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ ಎಂಬುದು ನಮಗೆ ಗೊತ್ತಾದದ್ದೇ ಆಗ. ಮನೆಯಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು ಹೊರಡಿ.

ಅಲ್ಲಿ ಮರದ ಜಾರುಬಂಡಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹಗ್ಗ ಹಿಡಿದು ಎಳೆಯುವವರು ಇರುತ್ತಾರೆ. ಐವತ್ತು ದಾಟಿದ ಒಬ್ಬರು ಬಂಡಿಯನ್ನು ಬೋರಲು ಹಾಕಿ ಅದರ ಮೇಲೆ ಕೂತು, ಫೆರನ್ ನಿಲುವಂಗಿಯೊಳಗೆ ಕಾಂಗ್ಡಿ ಕೆಂಡ ಇಟ್ಟುಕೊಂಡು ಬೆಟ್ಟ ನೋಡುತ್ತಿದ್ದರು. ಮಗಳು ಹಿಂದಿಯಲ್ಲಿ ಮಾತಾಡಿಸಿದಳು. ಈ ಚಳಿಗಾಲದಲ್ಲಿ ಬಂಡಿ ಒಂದು ದಿನವೂ ಕದಲಿಲ್ಲವಂತೆ. ಎರಡು ತಿಂಗಳ ದುಡಿಮೆಯಲ್ಲಿ ವರ್ಷದ ಅಕ್ಕಿ ಬರಬೇಕು. ಹಿಮ ಬೀಳದಿದ್ದರೆ ಬೇಸಿಗೆಯಲ್ಲಿ ತೋಟಕ್ಕೆ ನೀರೂ ಇಲ್ಲ. ನಮ್ಮ ರಜೆ ಕೆಟ್ಟಿತೆಂದು ಅಷ್ಟು ಹೊತ್ತೂ ಗೊಣಗುತ್ತಿದ್ದ ನಾನು ಬಾಯಿ ಮುಚ್ಚಿಕೊಂಡೆ. ಚೀಲದಲ್ಲಿದ್ದ ಕೋಡುಬಳೆ ಕೊಟ್ಟೆವು. ಅವರೊಂದು ಅಖ್ರೋಟು ಒಡೆದು ಕೊಟ್ಟರು.

ಹಿಮ ಬಿದ್ದದ್ದು ಜನವರಿಯ ಕೊನೆಯ ದಿನಗಳಲ್ಲಿ. ನಾವಾಗ ಊರಿನಲ್ಲಿ ಟಿವಿಯ ಮುಂದೆ! ಅತ್ತೆಯವರು ಸುಮ್ಮನಿರುತ್ತಾರೆಯೇ? “ಮಣ್ಣು ನೋಡೋಕೆ ಕಾಶ್ಮೀರಕ್ಕೆ ಹೋಗ್ಬೇಕಿತ್ತೇನೇ? ನಮ್ಮ ತೋಟದಲ್ಲೇ ಬೇಕಾದಷ್ಟು ಬಿದ್ದಿದೆಯಲ್ಲ” ಎಂದರು. ಬೀದಿಯಲ್ಲೆಲ್ಲ ಅದೇ ಮಾತಾಯಿತು.

ಸರದ ದುಡ್ಡು

ಎಲ್‌ಎಫ್‌ಸಿ ಮುಗಿದಿತ್ತು. ಇನ್ನೊಮ್ಮೆ ಹೋಗುವುದಿದ್ದರೆ ಸ್ವಂತ ಗಂಟಿನಿಂದಲೇ. ನಾನು ಐದು ವರ್ಷದಿಂದ ಕಟ್ಟುತ್ತಿದ್ದ ಚೀಟಿಯೊಂದು ಮುಗಿಯುವುದರಲ್ಲಿತ್ತು. ಅದರಲ್ಲಿ ಎರಡೆಳೆ ಅವಲಕ್ಕಿ ಸರ ಮಾಡಿಸುವುದೆಂದು ಅತ್ತೆ ಸೊಸೆ ಕೂತು ನಕ್ಷೆ ಕೂಡ ಆರಿಸಿಟ್ಟಿದ್ದೆವು. ಮಗಳ ಕೊನೆಯ ವರ್ಷದ ಕಾಲೇಜು. ಆಮೇಲೆ ಕೆಲಸ, ಮದುವೆ ಎಂದು ಅವಳು ಯಾವ ದಿಕ್ಕಿಗೋ. ಒಂದು ರಾತ್ರಿ ನಮ್ಮವರಿಗೆ “ರೀ, ಸರ ಬೇಡ, ಹಿಮ ನೋಡ್ಕೊಂಡು ಬರೋಣ” ಎಂದೆ. “ತಲೆ ಕೆಟ್ಟಿದ್ಯಾ?” ಎಂದರು. ಅತ್ತೆಯವರು ಮೂರು ದಿನ ನನ್ನೊಡನೆ ಮಾತು ಬಿಟ್ಟರು. ಚಿನ್ನ ಇವತ್ತಲ್ಲ ನಾಳೆ ಹೆಚ್ಚುತ್ತದೆ, ಹಿಮ ಕರಗುತ್ತದೆ. ಅವರ ಮಾತು ತಪ್ಪು ಎಂದು ನಾನು ಈಗಲೂ ಹೇಳಲಾರೆ. ಈಗಿನ ಚಿನ್ನದ ರೇಟು ಕೇಳಿದಾಗಲೆಲ್ಲ ಎದೆ ಒಂದು ಸಲ ಧಸಕ್ಕೆನ್ನುತ್ತದೆ.

ಎರಡನೆಯ ಸಲ ಲೆಕ್ಕ ತಿರುಗಿಸಿದೆವು. ರಜೆ ನೋಡಿ ಹಿಮ ಹುಡುಕುವುದಲ್ಲ, ಹಿಮ ನೋಡಿ ರಜೆ ಹಾಕುವುದು. ಗುಲ್ಮಾರ್ಗ್‌ನಲ್ಲಿ ಸಾಮಾನ್ಯವಾಗಿ ಡಿಸೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಸ್ಕೀಯಿಂಗ್ ನಡೆಯುತ್ತದೆ. ಜನವರಿ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ ಹಿಮ ಸಿಗುವ ಸಂಭವ ಹೆಚ್ಚು. ಇದು ಸಂಭವ ಅಷ್ಟೇ, ನೆನಪಿಡಿ! 2025ರಲ್ಲಿ ಫೆಬ್ರವರಿ 22ರಿಂದ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನೇ ಹಿಮ ಸಾಲದೆ ಮುಂದಕ್ಕೆ ಹಾಕಿದರು. ಆ ಸುದ್ದಿ ಓದಿ ನಾವು ಟಿಕೆಟ್ ತೆಗೆಯದೆ ಕಾದೆವು. ತಿಂಗಳ ಕೊನೆಯ ವಾರ ಭಾರಿ ಹಿಮ ಬಿತ್ತು. ಆಗ ಟಿಕೆಟ್ ತೆಗೆದು ಮಾರ್ಚ್ ಮೊದಲ ವಾರ ಹೊರಟೆವು. ವಿಮಾನಕ್ಕೆ ಕೊನೆಗಳಿಗೆಯಲ್ಲಿ ಹೆಚ್ಚು ಕೊಡಬೇಕಾಯಿತು. ಆದರೆ ಹಿಮವಿಲ್ಲದ ಊರಿಗೆ ಕಡಿಮೆ ದುಡ್ಡಿನಲ್ಲಿ ಹೋಗುವುದಕ್ಕಿಂತ ಇದು ವಾಸಿ.

ನಿಮಗೆ ಅಷ್ಟು ಸ್ವಾತಂತ್ರ್ಯವಿಲ್ಲದಿದ್ದರೆ ಇಷ್ಟಾದರೂ ಮಾಡಿ. ದುಡ್ಡು ವಾಪಸು ಕೊಡುವ ರೂಮನ್ನೇ ಹಿಡಿಯಿರಿ. ಹೋಗುವ ಹಿಂದಿನ ವಾರ ಶ್ರೀನಗರದ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುತ್ತಿರಿ. ಮಾರುತ ಬಂದು ಹೋದ ಮೇಲೆ ಆಕಾಶ ತಿಳಿಯಾಗುವ ಎರಡು ಮೂರು ದಿನಗಳೇ ಬಂಗಾರದ ದಿನಗಳು. ಎರಡು ದಿನ ಕೈಯಲ್ಲಿ ಉಳಿಸಿಕೊಳ್ಳಿ, ಏಕೆಂದರೆ ಹಿಮ ಬಿದ್ದರೆ ಶ್ರೀನಗರದ ವಿಮಾನಗಳೂ ರದ್ದಾಗುತ್ತವೆ, ಟಂಗ್‌ಮಾರ್ಗ್‌ನಿಂದ ಮೇಲೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಳನ್ನು ಬಿಟ್ಟು ಬೇರೆಯವನ್ನು ಬಿಡುವುದಿಲ್ಲ. ನಾವು ಮರುದಿನವೇ ಡ್ಯೂಟಿಗೆ ಹಾಜರಾಗುವ ಹಾಗೆ ವಾಪಸು ಟಿಕೆಟ್ ತೆಗೆದಿರಲಿಲ್ಲ. ಅದೊಂದು ಬುದ್ಧಿ ನಮ್ಮವರದು. ವಿಮಾನ ಬೇಡ ಎನ್ನುವವರಿಗೆ 2025ರ ಜೂನ್ 6ರಿಂದ ಇನ್ನೊಂದು ದಾರಿಯಾಗಿದೆ. ಕಟ್ರಾದಿಂದ ಶ್ರೀನಗರಕ್ಕೆ, ಚೆನಾಬ್ ನದಿಯ ಮೇಲಿನ ಆ ಎತ್ತರದ ಸೇತುವೆ ದಾಟಿ, ವಂದೇ ಭಾರತ್ ರೈಲು ಬಂದಿದೆ. ವೈಷ್ಣೋದೇವಿಯ ದರ್ಶನವನ್ನೂ ಸೇರಿಸಿಕೊಳ್ಳಬಹುದು.

ಹತ್ತಿ ಬೇಡ, ಉಣ್ಣೆ ಬೇಕು

ಬಟ್ಟೆಯ ವಿಷಯದಲ್ಲಿ ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಮೈಗೆ ಹಿತವೆಂದು ಒಳಗೆ ಹತ್ತಿಯ ಬಟ್ಟೆ ತೊಟ್ಟು, ಮೇಲೆ ಎರಡು ಸ್ವೆಟರ್ ಹಾಕಿಕೊಂಡೆ. ಸ್ಕೀಯಿಂಗ್ ಎಂದರೆ ರುಬ್ಬುಕಲ್ಲಿನ ಮುಂದೆ ಕೂತ ಹಾಗೆ ಬೆವರು ಬರುತ್ತದೆ! ಬೆವರು ಹೀರಿದ ಹತ್ತಿ ಒಣಗುವುದೇ ಇಲ್ಲ. ನಿಂತ ತಕ್ಷಣ ಒದ್ದೆ ಬಟ್ಟೆ ಮೈಗಂಟಿ ನಡುಗಿಹೋದೆ. ಮೈಗೆ ತಾಗುವುದು ಥರ್ಮಲ್ ಅಥವಾ ತೆಳು ಉಣ್ಣೆ, ನಡುವೆ ಸ್ವೆಟರ್, ಮೇಲೆ ನೀರು ಇಳಿಯದ ಕೋಟು, ಪ್ಯಾಂಟು. ಇವು ಮೂರಿದ್ದರೆ ಸಾಕು. ಕಾಲುಚೀಲ ಎರಡು ಜೊತೆ ಹಾಕಿದರೆ ಹೆಚ್ಚು ಬೆಚ್ಚಗೆ ಎಂದುಕೊಳ್ಳಬೇಡಿ. ಸುಕ್ಕು ಒತ್ತಿ ಬೊಬ್ಬೆ ಏಳುತ್ತದೆ, ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಉದ್ದನೆಯ ಉಣ್ಣೆಯ ಚೀಲ ಒಂದೇ ಜೊತೆ. ಕೈಚೀಲ ಮಾತ್ರ ನೀರು ಹಿಡಿಯದಂಥದೇ ಆಗಬೇಕು. ನಾನೇ ಹೆಣೆದ ಉಣ್ಣೆಯ ಕೈಚೀಲ ಎರಡನೆಯ ಸಲ ಬೀಳುವಷ್ಟರಲ್ಲಿ ಹಿಂಡುವ ಹಾಗಾಗಿತ್ತು.

ಎತ್ತರ ಹೆಚ್ಚಿದಂತೆ ಬಿಸಿಲಿನ ಉರಿಯೂ ಹೆಚ್ಚು. ಸಾವಿರ ಮೀಟರಿಗೆ ನೂರಕ್ಕೆ ಹತ್ತರಷ್ಟು. ಅದರ ಮೇಲೆ ಹೊಸ ಹಿಮ ಆ ಕಿರಣದ ಎಂಬತ್ತು ಪಾಲನ್ನು ಮುಖಕ್ಕೇ ವಾಪಸು ಎಸೆಯುತ್ತದೆ. ಮಗಳು ಸನ್‌ಸ್ಕ್ರೀನ್ ಹಚ್ಚು ಎಂದರೆ ನಮ್ಮವರು “ನನಗೇನು ಮದುವೆಯೇ?” ಎಂದರು. ಎರಡೇ ದಿನಕ್ಕೆ ಮೂಗು ಸುಟ್ಟ ಬದನೆಕಾಯಿಯಂತೆ ಸಿಪ್ಪೆ ಎದ್ದಿತು. ಕಪ್ಪು ಕನ್ನಡಕ ಷೋಕಿಗಲ್ಲ, ಅದಿಲ್ಲದಿದ್ದರೆ ಕಣ್ಣು ಉರಿದು ಊದಿಕೊಳ್ಳುತ್ತದೆ. ನಮ್ಮೂರಿನ ಕೊಬ್ಬರಿ ಎಣ್ಣೆ ಒಯ್ದಿದ್ದೆ. ಸೀಸೆಯೊಳಗೆ ಕಲ್ಲಾಗಿ ಕೂತಿತು, ಬಂಡೆಗೆ ಹೊಡೆದರೂ ಬರಲಿಲ್ಲ. ವ್ಯಾಸಲೀನ್ ಒಯ್ಯಿರಿ. ತಿನ್ನುವುದಕ್ಕೆ ಹುರಿಹಿಟ್ಟು-ಬೆಲ್ಲ, ಚಟ್ನಿಪುಡಿ, ಅವಲಕ್ಕಿ ಸಾಕಷ್ಟಿರಲಿ. ಸಸ್ಯಾಹಾರಿಗಳಿಗೆ ಅಲ್ಲಿ ರಾಜ್ಮಾ ಅನ್ನ, ಹಾಕ್ ಸೊಪ್ಪು, ‘ನದ್ರು’ ಎನ್ನುವ ತಾವರೆ ದಂಟಿನ ಪಲ್ಯ ಸಿಗುತ್ತವೆ. ನದ್ರು ನಮಗೆಲ್ಲ ಹಿಡಿಸಿತು.

ಇನ್ನೊಂದು ಎಚ್ಚರಿಕೆಯನ್ನು ತಾಯಂದಿರು ಮರೆಯಲೇಬಾರದು. ರೂಮಿನಲ್ಲಿ ಬುಖಾರಿ ಒಲೆ, ಗ್ಯಾಸ್ ಹೀಟರ್ ಇಡುತ್ತಾರೆ. ಚಳಿ ಎಂದು ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿ ಅದನ್ನು ಹಚ್ಚಿಕೊಂಡೇ ಮಲಗಬೇಡಿ. ವಾಸನೆಯಿಲ್ಲದ ವಿಷಗಾಳಿ ತುಂಬಿಕೊಳ್ಳುತ್ತದೆ. 2025ರ ಜನವರಿಯಲ್ಲಿ ಶ್ರೀನಗರದಲ್ಲಿ ಹೀಗೆಯೇ ಉಸಿರುಕಟ್ಟಿ ಒಂದೇ ಕುಟುಂಬದ ಐವರು ತೀರಿಹೋದರು. ಮಲಗುವ ಮುನ್ನ ಆರಿಸಿ, ಎರಡು ರಗ್ಗು ಹೆಚ್ಚು ಕೇಳಿ.

ಅಕ್ಕಿಹಿಟ್ಟು, ಹೊಂಡಗಳ ಕೆನೆ, ನೆನೆದ ಸಬ್ಬಕ್ಕಿ

ಎರಡನೆಯ ಸಲ ಗುಲ್ಮಾರ್ಗ್‌ನಲ್ಲಿ ಇಳಿದಾಗ ನಾನು ಮಾತಾಡಲಿಲ್ಲ. ಒಂದು ವರ್ಷದ ಹಿಂದೆ ಒಣಹುಲ್ಲು ನೋಡಿದ ಅದೇ ಬಯಲು. ಈಗ ಬೇಲಿಯ ಕಂಬಗಳ ತುದಿಯಷ್ಟೇ ಕಾಣುತ್ತಿದ್ದವು. ಮಗಳು ನನ್ನ ಕೈ ಹಿಡಿದುಕೊಂಡು ಸುಮ್ಮನೆ ಅತ್ತಳು. ನಮ್ಮವರು ಏನೋ ಬಿದ್ದಿದೆ ಎನ್ನುವಂತೆ ಬ್ಯಾಗಿನ ಜಿಪ್ ಹುಡುಕುತ್ತಿದ್ದರು.

ಕಲಿಯುವವರು ಶುರುಮಾಡಬೇಕಾದದ್ದು ಕೆಳಗಿನ ಗಾಲ್ಫ್ ಮೈದಾನದ ಇಳಿಜಾರಿನಲ್ಲಿ. ಅಲ್ಲಿಯೇ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ. ಅವರ ತರಬೇತಿಗೆ ಮುಂಚೆಯೇ ಹೆಸರು ಕೊಡಬೇಕು. ನಾವು ಬಾಡಿಗೆ ಸಾಮಾನು ಕೊಡುವವರ ಬಳಿ ಒಬ್ಬ ಮೇಷ್ಟ್ರನ್ನು ಗೊತ್ತು ಮಾಡಿಕೊಂಡೆವು, ಟಂಗ್‌ಮಾರ್ಗ್‌ನ ಹುಡುಗ. ಸಾಮಾನಿಗೆಷ್ಟು, ಕಲಿಸುವುದಕ್ಕೆಷ್ಟು, ಎಷ್ಟು ಗಂಟೆ ಎಂದು ಮೊದಲೇ ಬಿಡಿಸಿ ಮಾತಾಡಿ, ಸಂತೆಯಲ್ಲಿ ಸೊಪ್ಪು ಚೌಕಾಶಿ ಮಾಡುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬೂಟು ಮಾತ್ರ ಹಾಕಿ ನೋಡಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಬಿದ್ದಾಗ ಬೂಟಿನಿಂದ ಹಲಗೆ ತಾನಾಗಿ ಕಳಚಿಕೊಳ್ಳುವ ಹಿಡಿ ಇರುತ್ತದೆ. ಅದನ್ನು ನಮ್ಮ ತೂಕಕ್ಕೆ ತಕ್ಕಂತೆ ತಿರುಗಿಸಿಡಬೇಕು. ಆದ್ದರಿಂದ ನಾಚಿಕೆ ಬಿಟ್ಟು ನಿಜವಾದ ತೂಕ ಹೇಳಿ. ನಾನು ಐದು ಕೆಜಿ ಕಡಿಮೆ ಹೇಳಲು ಹೋಗಿ ಮಗಳ ಕೈಲಿ ಸಿಕ್ಕಿಬಿದ್ದೆ!

ಹಿಮವೆಂದರೆ ಒಂದೇ ವಸ್ತು ಎಂದು ನಾನು ತಿಳಿದಿದ್ದೆ. ಒಂದೇ ಅಕ್ಕಿ ಹಿಟ್ಟಾಗಿ, ತರಿಯಾಗಿ, ಗಂಜಿಯಾಗಿ ಬೇರೆಬೇರೆ ಅವತಾರ ತಾಳುವುದಿಲ್ಲವೇ? ಹಾಗೆಯೇ ಇದೂ.

ಮೊದಲ ದಿನದ್ದು ಹೊಸ ಹಿಮ. ಜರಡಿ ಹಿಡಿದ ಅಕ್ಕಿಹಿಟ್ಟು ನೋಡಿ, ಅಷ್ಟು ನುಣುಪು, ಅಷ್ಟು ಒಣ. ಉಂಡೆ ಕಟ್ಟಲು ಹೋದರೆ ಉದುರಿಹೋಗುತ್ತದೆ. ಇದಕ್ಕಾಗಿಯೇ ಪರದೇಶದವರು ಗುಲ್ಮಾರ್ಗ್‌ಗೆ ಬರುವುದಂತೆ. ಬಿದ್ದರೆ ಹಾಸಿಗೆಯ ಮೇಲೆ ಬಿದ್ದ ಹಾಗೆ, ಒಂಚೂರೂ ನೋವಿಲ್ಲ. ಏಳುವುದೇ ಕಷ್ಟ. ಕೈಯೂರಿದರೆ ಮೊಣಕೈವರೆಗೂ ಒಳಗೆ! ಮೇಷ್ಟ್ರು ಹೇಳಿಕೊಟ್ಟ ಉಪಾಯವಿದು. ಎರಡೂ ಕೋಲನ್ನು ಹಿಮದ ಮೇಲೆ ಅಡ್ಡಡ್ಡ ಇಟ್ಟು, ಕೂಡುವ ಜಾಗದಲ್ಲಿ ಕೈಯೂರಿ ಏಳಬೇಕು. ಹಲಗೆಗಳು ಇಳಿಜಾರಿಗೆ ಅಡ್ಡಲಾಗಿರಬೇಕು, ಇಲ್ಲದಿದ್ದರೆ ಏಳುವ ಮುಂಚೆಯೇ ಜಾರಿ ಹೋಗುತ್ತೀರಿ. ಮಗಳ ಒಂದು ಹಲಗೆ ಕಳಚಿ ಹಿಮದಡಿ ಸೇರಿಕೊಂಡು, ನಾಲ್ಕು ಜನ ಕಾಲು ಗಂಟೆ ಕೋಲಿನಿಂದ ಚುಚ್ಚಿ ಚುಚ್ಚಿ ಹುಡುಕಿದರು. ಹೊಸದಾಗಿ ಕಲಿಯುವವರಿಗೆ ಆಳವಾದ ಹೊಸ ಹಿಮಕ್ಕಿಂತ ಯಂತ್ರ ಓಡಿಸಿ ದಮ್ಮಸು ಮಾಡಿದ ಹಿಮವೇ ಲೇಸು. ಕಣ ಸಾರಿಸಿದ ಹಾಗೆ ಸಮನಾಗಿರುತ್ತದೆ, ಕಾಲು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ.

ನಿಲ್ಲಿಸುವುದು ಹೇಗೆಂಬುದು ಮೊದಲ ಪಾಠ. ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿ, ಒಳ ಅಂಚನ್ನು ಹಿಮಕ್ಕೆ ಒತ್ತಬೇಕು. ಗಾಬರಿಯಾದಾಗ ಮೈ ಹಿಂದಕ್ಕೆ ವಾಲುತ್ತದೆ. ಆದರೆ ಹಿಂದೆ ವಾಲಿದಷ್ಟೂ ಹಲಗೆ ಮಾತು ಕೇಳದೆ ಓಡುತ್ತದೆ. ಮಂಡಿ ಬಗ್ಗಿಸಿ ಮುಂದೆ ಬಾಗಬೇಕು. ತಡೆಯಲಾಗದಿದ್ದರೆ ಪಕ್ಕಕ್ಕೆ ಕೂತಂತೆ ಬಿದ್ದುಬಿಡಿ. ನಾನು ಅದರಲ್ಲಿ ಪರಿಣತಳಾದೆ.

ಎರಡನೆಯ ದಿನ ಚೆನ್ನಾಗಿ ಬಿಸಿಲು ಕಾಯಿತು. ಮೂರನೆಯ ಬೆಳಿಗ್ಗೆ ನನ್ನ ಉತ್ಸಾಹ ನೋಡಬೇಕಿತ್ತು! ಜನ ಬರುವ ಮುಂಚೆ ಅಭ್ಯಾಸ ಮಾಡೋಣವೆಂದು ಎಲ್ಲರಿಗಿಂತ ಮೊದಲು ಹೋದೆ. ಹಿಂದಿನ ದಿನ ಕರಗಿದ ಹಿಮ ರಾತ್ರಿಯ ಚಳಿಗೆ ಗಟ್ಟಿಯಾಗಿ, ಮೊಸಾಯಿಕ್ ನೆಲಕ್ಕೆ ಎಣ್ಣೆ ಸುರಿದ ಹಾಗೆ ಕೂತಿತ್ತು. ಎರಡು ಗಜ ಹೋದೆನೋ ಇಲ್ಲವೋ, ದಬಕ್ಕೆಂದು ಬಿದ್ದೆ. ಈ ಸಲ ಹಾಸಿಗೆಯಲ್ಲ, ಸಿಮೆಂಟು! ಮೇಷ್ಟ್ರು ಓಡಿಬಂದು “ಆಂಟೀಜಿ, ಇಷ್ಟು ಬೇಗ ಬರ್ಬೇಡಿ, ಬಿಸಿಲು ಬರ್ಲಿ” ಎಂದ. ವಸಂತದ ಕಡೆಗೆ ತಿರುಗಿದ ಹವೆಯಲ್ಲಿ ಬೆಳಿಗ್ಗೆ ಹತ್ತೂವರೆಯವರೆಗೆ ಚಹಾ ಕುಡಿಯುತ್ತ ಕೂರುವುದೇ ಜಾಣತನ. ಹೋಗಲೇಬೇಕಾದರೆ ನಿಧಾನ, ಮೈ ಕಾಲಿನ ನೆತ್ತಿಗೇ ಇರಲಿ, ತಟಕ್ಕನೆ ನಿಲ್ಲಿಸುವ ಸಾಹಸ ಬೇಡ.

ಬಿಸಿಲು ತಾಗುತ್ತಿದ್ದಂತೆ ಮೇಲ್ಪದರ ಸಡಿಲವಾಗಿ ನೆನೆಸಿದ ಸಬ್ಬಕ್ಕಿಯ ಕಾಳಿನಂತಾಗುತ್ತದೆ. ಇದು ನನ್ನಂಥವರಿಗೆ ದೇವರು ಕೊಟ್ಟ ಹಿಮ. ಹಲಗೆ ಹೇಳಿದ ಹಾಗೆ ತಿರುಗುತ್ತದೆ. ಆವತ್ತು ಹನ್ನೊಂದರಿಂದ ಒಂದು ಗಂಟೆಯೊಳಗೆ ನಾನು ಮೂರು ಸಲ ಬೀಳದೆ ಕೆಳಗಿಳಿದೆ. ಮೂರನೆಯ ಸಲ ಕಿವಿಯ ಪಕ್ಕ ಗಾಳಿ ಸುಯ್ ಎಂದದ್ದು, ಹದಿನಾರನೆಯ ವಯಸ್ಸಿನಲ್ಲಿ ತಮ್ಮನ ಸೈಕಲ್ ಕದ್ದು ಕೆರೆ ಏರಿಯಿಂದ ಇಳಿದಾಗ ಕೇಳಿದ ಸದ್ದೇ. ಅಷ್ಟು ವರ್ಷ ಅದು ನೆನಪೇ ಆಗಿರಲಿಲ್ಲ ನೋಡಿ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆಸೆ ಬಿಡಲಿಲ್ಲ. ಎರಡೂವರೆಯ ಹೊತ್ತಿಗೆ ಹಿಮ ಕರಗಿದ ಐಸ್‌ಕ್ಯಾಂಡಿಯಂತಾಗಿ ಹಲಗೆಗೆ ಅಂಟತೊಡಗಿತು. ಮೈ ಮುಂದೆ ಹೋಗುತ್ತದೆ, ಕಾಲು ಅಲ್ಲೇ! ಮಂಡಿ ತಿರುಚಿಕೊಂಡದ್ದು ಆಗಲೇ. ಹೆಚ್ಚಿನ ಪೆಟ್ಟು ಬೀಳುವುದು ದಣಿದ ಕಾಲಿಗೆ, ಮಧ್ಯಾಹ್ನದ ಹಿಮದಲ್ಲಿ ಎಂದು ಮೇಷ್ಟ್ರು ಆಮೇಲೆ ಹೇಳಿದ. ಮೊದಲೇ ಹೇಳಬಾರದಿತ್ತೇ ಎಂದರೆ, “ಹೇಳಿದೆ ಆಂಟೀಜಿ, ನೀವು ಒನ್ ಮೋರ್ ಅಂದ್ರಿ” ಎಂದ. ಹಲಗೆಯ ಅಡಿಗೆ ಮೇಣ ಉಜ್ಜಿಸಿಕೊಂಡರೆ ಅಂಟುವುದು ಸ್ವಲ್ಪ ಕಡಿಮೆಯಾಗುತ್ತದೆ.

ಕೆನೆ ಹಿಮ ಎಂದು ಇನ್ನೊಂದಿದೆ. ಮೇಲೆ ಕಾಯಿಸಿದ ಹಾಲಿನ ಕೆನೆಯಂತೆ ಗಟ್ಟಿ ಪದರ, ಒಳಗೆ ಮೆತ್ತಗೆ. ಪದರ ಒಡೆದು ಹಲಗೆ ಒಳಗೆ ಸಿಕ್ಕಿಕೊಂಡರೆ ಬಲ್ಲವರೂ ಮುಗ್ಗರಿಸುತ್ತಾರೆ. ಜನ ಓಡಾಡದ ಅಂಚುಗಳಲ್ಲಿ ಇದು ಹೆಚ್ಚು, ಅತ್ತ ಹೋಗಲೇಬೇಡಿ. ನಾಲ್ಕನೆಯ ದಿನ ಮೋಡ ಕವಿದು ಆಕಾಶವೂ ಬಿಳಿ, ನೆಲವೂ ಬಿಳಿಯಾಗಿ ಉಬ್ಬುತಗ್ಗು ಯಾವುದೂ ತಿಳಿಯದಾಯಿತು. ತಲೆ ಸುತ್ತಿದ ಹಾಗಾಗುತ್ತದೆ. ಅಂಥ ದಿನ ಮರಗಳ ಸಾಲಿನ ಪಕ್ಕ ಇಳಿದರೆ ಕಣ್ಣಿಗೆ ಒಂದು ಆಧಾರ ಸಿಗುತ್ತದೆ. ನಾನಂತೂ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕಿಟಕಿಯಿಂದ ನೋಡಿದೆ.

ಎತ್ತರದ ಮಾತು

ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರ್ ಮುಟ್ಟುವುದಿಲ್ಲ. ಗೊಂಡೋಲಾ ತೊಟ್ಟಿಲಿನಲ್ಲಿ ಎರಡು ಹಂತ. ಮೊದಲನೆಯದು ಕೊಂಗ್ಡೂರಿಗೆ, 1998ರಲ್ಲಿ ಆದದ್ದು. ಎರಡನೆಯದು ಅಫರ್ವತ್ ಬೆಟ್ಟಕ್ಕೆ, 2005ರದ್ದು, 4,000 ಮೀಟರಿಗೆ ಹತ್ತಿರ ಒಯ್ಯುತ್ತದೆ. ನಮ್ಮವರಿಗೆ ಬಿಪಿ ಇದೆ. ಊರಿನ ಡಾಕ್ಟರು ಮೊದಲ ಹಂತಕ್ಕೆ ಒಪ್ಪಿದರು, ಎರಡನೆಯದು ಬೇಡವೆಂದರು. ಬಿಪಿ, ಹೃದಯ, ಉಬ್ಬಸದವರು ಕೇಳದೆ ಹತ್ತಬೇಡಿ, ಬಂದ ದಿನವೇ ಯಾರೂ ಹತ್ತಬೇಡಿ. ಟಿಕೆಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆಯಿರಿ. ಗಾಳಿ ಜೋರಾದರೆ, ಹಿಮ ಕುಸಿಯುವ ಭಯವಿದ್ದರೆ ಎರಡನೆಯ ಹಂತ ನಿಲ್ಲಿಸುತ್ತಾರೆ. ನಾವಿದ್ದಾಗ ಎರಡು ದಿನ ನಿಲ್ಲಿಸಿದ್ದರು. ಜಗಳವಾಡುವವರನ್ನು ನೋಡಿದೆ. 2023ರ ಫೆಬ್ರವರಿ 1ರಂದು ಅದೇ ಅಫರ್ವತ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯದ ಒಬ್ಬರು ಸತ್ತರು, ಸ್ಕೀಯಿಂಗ್ ಬಲ್ಲವರೇ. ಭಾರಿ ಹಿಮ ಬಿದ್ದ ಮಾರನೆಯ ದಿನವೇ ಅಪಾಯ ಹೆಚ್ಚು, ಅದೂ ಗುರುತು ಹಾಕಿದ ದಾರಿ ಬಿಟ್ಟವರಿಗೆ. ಮಗಳಿಂದ ನಾನು ಮಾತು ತೆಗೆದುಕೊಂಡದ್ದು ಅದೊಂದಕ್ಕೇ.

ಬೇರೆ ಜಾಗಗಳೂ ಇವೆ. ಮನಾಲಿ ಹತ್ತಿರದ ಸೋಲಂಗ್, ಶಿಮ್ಲಾದಾಚೆಯ ನಾರ್ಕಂಡಾ. ಉತ್ತರಾಖಂಡದ ಔಲಿ ಕಲಿಯುವವರಿಗೆ ಚೆನ್ನ. ಆದರೆ 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಬಿರುಕುಬಿಟ್ಟಾಗ ಅಲ್ಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದ್ದರು. ರಸ್ತೆ, ಸೌಕರ್ಯ ವಿಚಾರಿಸಿಕೊಂಡೇ ಹೊರಡಿ. ನಮ್ಮವರಿಗೆ ಹಿಮ ಹೊಂದುವುದಿಲ್ಲ ಎನ್ನುವವರಿಗೆ ಒಂದು ಮಾತು. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶಕ್ಕೆ ಹೋಗಿ ಹಿಮದ ಮೇಲೆ ದೂರ ಓಡುವ ಸ್ಕೀಯಿಂಗ್‌ನಲ್ಲಿ ಕಂಚಿನ ಪದಕ ತಂದರು. ಮಗಳು ಆ ಪೇಪರ್ ತುಣುಕನ್ನು ದೇವರಮನೆ ಬಾಗಿಲಿಗೆ ಅಂಟಿಸಿದ್ದಾಳೆ!

ಒಂದು ವಿಷಯ ಬರೆಯದೆ ಇರಲಾಗದು. ನಾವು ವಾಪಸು ಬಂದು ಒಂದೂವರೆ ತಿಂಗಳಿಗೆ, 2025ರ ಏಪ್ರಿಲ್ 22ರಂದು, ಪಹಲ್ಗಾಮಿನ ಬೈಸರನ್‌ನಲ್ಲಿ 26 ಜನರನ್ನು ಗುಂಡಿಟ್ಟು ಕೊಂದರು. ನಮ್ಮ ಕರ್ನಾಟಕದವರೂ ಇದ್ದರು. ಅಂದು ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಅತ್ತೆಯವರು ಮೊಮ್ಮಗಳ ತಲೆ ಸವರುತ್ತ ಕೂತಿದ್ದರು. ನಾವು ಉಳಿದುಕೊಂಡಿದ್ದ ಟಂಗ್‌ಮಾರ್ಗ್ ಮನೆಯಾಕೆಗೆ ಮಗಳು ಫೋನ್ ಮಾಡಿದರೆ ಆಕೆಯೂ ಅಳುತ್ತಿದ್ದಳು. ಹೋಗಿ ಎಂದು ನಿಮಗೆ ಹೇಳುವಷ್ಟು ದೊಡ್ಡವಳಲ್ಲ ನಾನು. ಆಮೇಲೆ ಎಷ್ಟೋ ತಾಣಗಳನ್ನು ಕೆಲಕಾಲ ಮುಚ್ಚಿದ್ದರು. ಹೋಗುವವರು ಯಾವುದು ತೆರೆದಿದೆ, ಸರ್ಕಾರದ ಸೂಚನೆ ಏನಿದೆ ಎಂದು ನೋಡಿ, ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನಿಸಿ.

ಆಕೆ ಕಲಿಸಿದ ಕಹ್ವಾ

ಮಂಡಿ ನೋವಿನ ದಿನ ಆ ಮನೆಯಾಕೆ ನನ್ನನ್ನು ಅಡಿಗೆಮನೆಗೆ ಕರೆದು ಕೂರಿಸಿ ಕಲಿಸಿದ್ದು ಇದು. ನಾಲ್ಕು ಲೋಟ ನೀರಿಗೆ ಒಂದಿಂಚು ಚಕ್ಕೆ, ಜಜ್ಜಿದ ನಾಲ್ಕು ಏಲಕ್ಕಿ, ಎಂಟು ಹತ್ತು ಎಸಳು ಕೇಸರಿ ಹಾಕಿ ಐದು ನಿಮಿಷ ಕುದಿಸಿ. ಒಲೆ ಆರಿಸಿ ಎರಡು ಚಮಚ ಕಾಶ್ಮೀರಿ ಹಸಿರು ಚಹಾ ಹಾಕಿ ಎರಡು ನಿಮಿಷ ಮುಚ್ಚಿಡಿ, ಕುದಿಸಿದರೆ ಕಹಿಯಾಗುತ್ತದೆ. ಸಕ್ಕರೆಯೋ ಜೇನುತುಪ್ಪವೋ ಬೆರೆಸಿ ಸೋಸಿ, ಲೋಟದಲ್ಲಿ ತೆಳ್ಳಗೆ ಹೆಚ್ಚಿದ ಬಾದಾಮಿ ಹಾಕಿ ಸುರಿಯಿರಿ.

ಊರಿಗೆ ಬಂದ ಮಾರನೆಯ ದಿನ ಇದನ್ನು ಮಾಡಿ ಅತ್ತೆಯವರಿಗೆ ಕೊಟ್ಟೆ. ಮಗಳು ಮೊಬೈಲಿನಲ್ಲಿ ನಾನು ಜಾರುವ ವಿಡಿಯೋ ತೋರಿಸುತ್ತಿದ್ದಳು. ಅವರು ಅದನ್ನು ಮೂರು ಸಲ ಹಾಕಿಸಿ ನೋಡಿದರು. ಲೋಟ ಕೆಳಗಿಟ್ಟು, “ಬೀಳ್ದೇನೇ ಬಂದಿದೀಯಲ್ಲೇ!” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕಷಾಯಕ್ಕೆ ಒಂಚೂರು ಹಾಲು ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಎಂದು ಸೇರಿಸಿದರು.